ಮೊದಲು ಒಸಡು ನೋಡಿ

ನಾಯಿಗೆ ಹುಷಾರಿಲ್ಲ ಅನ್ನಿಸಿದ ತಕ್ಷಣ ಬಹಳ ಮಂದಿ ಮೂಗು ಮುಟ್ಟಿ ನೋಡುತ್ತಾರೆ. ಒಣಗಿದ್ದರೆ ಜ್ವರ, ಒದ್ದೆಯಾಗಿದ್ದರೆ ಏನೂ ಇಲ್ಲ ಎಂಬ ಲೆಕ್ಕ. ದಯವಿಟ್ಟು ಇದನ್ನು ನಂಬಿ ಕೂರಬೇಡಿ. ಬಿಸಿಲಲ್ಲಿ ಮಲಗಿ ಎದ್ದ ಗಟ್ಟಿಮುಟ್ಟಾದ ನಾಯಿಯ ಮೂಗೂ ಒಣಗಿರುತ್ತದೆ. 104 ಡಿಗ್ರಿ ಜ್ವರವಿರುವ ನಾಯಿಯ ಮೂಗು ಒದ್ದೆಯಾಗಿಯೇ ಇರಬಹುದು.

ನೋಡಬೇಕಾದದ್ದು ತುಟಿಯ ಒಳಗೆ. ಮೇಲ್ದುಟಿಯನ್ನು ಮೆಲ್ಲಗೆ ಎತ್ತಿ. ಆರೋಗ್ಯವಾಗಿರುವ ನಾಯಿಯ ಒಸಡು ತಿಳಿ ಗುಲಾಬಿ ಬಣ್ಣದ್ದು, ಮುಟ್ಟಿದರೆ ತೇವ ತೇವ. ಕೋರೆಹಲ್ಲಿನ ಮೇಲಿನ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬೆಳ್ಳಗಾಗಿ, 2 ಸೆಕೆಂಡಿನೊಳಗೆ ಮತ್ತೆ ಬಣ್ಣ ತುಂಬಬೇಕು. ತಡವಾದರೆ ರಕ್ತ ಸಂಚಾರ ಕುಗ್ಗಿರಬಹುದು. ಒಸಡೇ ಬಿಳುಚಿಕೊಂಡಿದ್ದರೆ ರಕ್ತಹೀನತೆಯ ಅನುಮಾನ, ಹಳದಿಯಾದರೆ ಕಾಮಾಲೆ, ನೀಲಿಗೆ ತಿರುಗಿದರೆ ಉಸಿರಾಟದ ತೊಂದರೆ, ಆಗ ಒಂದು ನಿಮಿಷವೂ ಕಾಯುವಂತಿಲ್ಲ. ಬೇಸಿಗೆಯಲ್ಲಿ ಇಟ್ಟಿಗೆ ಕೆಂಪಾಗಿ, ನಾಯಿ ಏದುಸಿರು ಬಿಡುತ್ತಿದ್ದರೆ ಬಿಸಿಲಿನ ಹೊಡೆತ. ಮೈಗೆ ನಲ್ಲಿ ನೀರು ಸುರಿದು, ಫ್ಯಾನ್ ಹಾಕಿ, ಹಾಗೆಯೇ ಆಸ್ಪತ್ರೆಗೆ ಹೊರಡಿ. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು. ಅಂಥವಕ್ಕೆ ಕೆಳರೆಪ್ಪೆಯನ್ನು ಸ್ವಲ್ಪ ಜಗ್ಗಿ ಒಳಭಾಗದ ಬಣ್ಣ ನೋಡಿ.

ಇದನ್ನೆಲ್ಲ ನಾಯಿ ಚೆನ್ನಾಗಿರುವಾಗಲೇ ವಾರಕ್ಕೊಮ್ಮೆ ಮಾಡಬೇಕು. ಅದರ ಸಹಜ ಸ್ಥಿತಿ ಗೊತ್ತಿಲ್ಲದವರಿಗೆ ಬದಲಾವಣೆ ಹೇಗೆ ತಿಳಿಯಬೇಕು? ಮುಧೋಳ ನಾಯಿಯ ಪಕ್ಕೆಲುಬು ಕಾಣುವುದು ಸಹಜ. ಲ್ಯಾಬ್ರಡಾರ್‌ನ ಪಕ್ಕೆಲುಬು ಕಾಣತೊಡಗಿದರೆ ಯೋಚಿಸಬೇಕು. ನಾಯಿಯನ್ನು ಎತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆದು ಬರೆದಿಡಿ.

ಜ್ವರ ನೋಡಲು ಡಿಜಿಟಲ್ ಥರ್ಮಾಮೀಟರ್ ಸಾಕು. ನಾಯಿಗೆಂದೇ ಒಂದನ್ನು ಬೇರೆ ಇಡಿ. ತುದಿಗೆ ವ್ಯಾಸಲೀನ್ ಸವರಿ, ಒಬ್ಬರು ತಲೆ ಹಿಡಿದು ಸಮಾಧಾನ ಮಾಡುತ್ತಿರುವಾಗ ಗುದದ್ವಾರದಲ್ಲಿ ಸುಮಾರು ಒಂದು ಇಂಚು ಒಳಗೆ ಇಡಿ. 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ನಾಯಿಗೆ ಸಹಜ. ಓಡಾಡಿ ಬಂದ ಕೂಡಲೇ ನೋಡಬೇಡಿ. ಸುಮ್ಮನೆ ಮಲಗಿದ್ದಾಗಲೂ 103 ದಾಟಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ. ನಾಯಿ ನಿದ್ದೆಯಲ್ಲಿರುವಾಗ ಎದೆ ಏರಿಳಿಯುವುದನ್ನೂ ಎಣಿಸಿ: ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರು ಮತ್ತೆ ಮತ್ತೆ ಕಂಡರೆ ಹೃದಯ, ಶ್ವಾಸಕೋಶ ಪರೀಕ್ಷೆಯಾಗಬೇಕು.

ನಮ್ಮ ಕಡೆ ನಾಯಿ ಸಾಕುವವರು ಚೆನ್ನಾಗಿ ತಿಳಿದಿರಲೇಬೇಕಾದದ್ದು ಉಣ್ಣೆ ಜ್ವರ. ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ, ಬಾಲದ ಬುಡದಲ್ಲಿ ಉಣ್ಣೆ ಹುಡುಕಿ. ಸಿಕ್ಕಿದ್ದನ್ನು ಬೆರಳಲ್ಲಿ ಹಿಸುಕಬೇಡಿ. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆದು ಸ್ಪಿರಿಟ್‌ಗೆ ಹಾಕಿ. ಉಣ್ಣೆ ಕಚ್ಚಿ ಒಂದರಿಂದ ಮೂರು ವಾರದ ಮೇಲೆ ಜ್ವರ ಕಾಣಿಸಿಕೊಳ್ಳಬಹುದು. ಹಾಗಾಗಿ ಈಗ ಮೈಮೇಲೆ ಒಂದೂ ಇಲ್ಲವೆಂದು ನಿಶ್ಚಿಂತರಾಗುವಂತಿಲ್ಲ. ಮಂಕಾಗಿ ಮಲಗುವುದು, ಊಟ ಬಿಡುವುದು, ಬಿಳುಚಿದ ಒಸಡು, ಹೊಟ್ಟೆಯ ಚರ್ಮದ ಮೇಲೆ ಸಣ್ಣ ಕೆಂಪು ಚುಕ್ಕೆ, ಮೂಗಿನಿಂದ ರಕ್ತ, ಇವು ಅದರ ಗುರುತುಗಳು. ರಕ್ತ ಪರೀಕ್ಷೆ ಮಾಡಿಸಿ. ಎರ್ಲಿಕಿಯಾ ಎಂಬ ಬಗೆಯ ಉಣ್ಣೆ ಜ್ವರವೆಂದು ಗೊತ್ತಾದರೆ ಮಾತ್ರೆ ಸಾಮಾನ್ಯವಾಗಿ 4 ವಾರ ನಡೆಯುತ್ತದೆ. ಎರಡೇ ದಿನಕ್ಕೆ ನಾಯಿ ಲವಲವಿಕೆಯಿಂದ ಓಡಾಡತೊಡಗುತ್ತದೆ, ಮನೆಯವರು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಹಾಗೆ ಮಾಡಬೇಡಿ.

ಇನ್ನು ರಾತ್ರಿ ಎಷ್ಟು ಹೊತ್ತಾದರೂ ಹೊರಡಬೇಕಾದ ಸಂದರ್ಭಗಳು. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ಆಳ ಎದೆಯ ನಾಯಿ ಪದೇ ಪದೇ ಓಕರಿಸುತ್ತಿದೆ, ಏನೂ ಹೊರಬರುತ್ತಿಲ್ಲ, ಹೊಟ್ಟೆ ಉಬ್ಬುತ್ತಿದೆ ಎಂದರೆ ಜಠರ ತಿರುಚಿಕೊಂಡಿರಬಹುದು. ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ. ಲಸಿಕೆ ಪೂರ್ತಿಯಾಗದ ಮರಿ ವಾಂತಿ ಮಾಡುತ್ತ, ರಕ್ತ ಬೆರೆತ ನಾರುವ ಭೇದಿ ಮಾಡಿದರೆ ಪಾರ್ವೋ ಸೋಂಕು ಎಂದೇ ಭಾವಿಸಿ ಓಡಿ. ಗರ್ಭಕೋಶದ ಶಸ್ತ್ರಚಿಕಿತ್ಸೆ ಆಗದ ಹೆಣ್ಣು ನಾಯಿ ಬೆದೆ ಕಳೆದ ಕೆಲವು ವಾರಗಳಲ್ಲಿ ವಿಪರೀತ ನೀರು ಕುಡಿಯುತ್ತ ಮಂಕಾದರೆ ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಕೀವು ಹೊರಗೆ ಸೋರಲೇಬೇಕೆಂದಿಲ್ಲ. ಮೂತ್ರಕ್ಕೆ ತಿಣುಕಿದರೂ ಹನಿ ಬರದಿದ್ದರೆ, ಫಿಟ್ಸ್ 5 ನಿಮಿಷ ದಾಟಿದರೆ, ಆಗಲೂ ತಡಮಾಡಬೇಡಿ.

ಒಂದು ಎಚ್ಚರಿಕೆ. ನಾಯಿಯ ಸ್ವಭಾವ ಇದ್ದಕ್ಕಿದ್ದಂತೆ ಬದಲಾಗಿ, ದನಿ ಒಡೆದು, ದವಡೆ ಜೋತು, ಜೊಲ್ಲು ಸುರಿಯುತ್ತಿದ್ದರೆ ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಬೇಡಿ. ಅದು ರೇಬೀಸ್ ಇರಬಹುದು. ನಾಯಿಯನ್ನು ಒಂಟಿಯಾಗಿ ಕೂಡಿಹಾಕಿ ಪಶುವೈದ್ಯರಿಗೆ ಫೋನ್ ಮಾಡಿ. ಕಚ್ಚಿದ್ದರೆ ಅಥವಾ ಜೊಲ್ಲು ಗಾಯಕ್ಕೆ ತಾಗಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ.

ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥ ನಮ್ಮ ಮಾತ್ರೆಗಳನ್ನು ನಾಯಿಗೆ ಕೊಡಬೇಡಿ. ಯಕೃತ್ತು, ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಕೊಟ್ಟುಬಿಟ್ಟಿದ್ದರೆ ಬೈಯುತ್ತಾರೆಂದು ಮುಚ್ಚಿಡದೆ, ಮಾತ್ರೆಯ ಪಟ್ಟಿಯನ್ನೇ ಆಸ್ಪತ್ರೆಗೆ ಒಯ್ಯಿರಿ. ಕೆಮ್ಮು, ಕುಂಟು, ನಡುಕ ಇದ್ದರೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ, ಏಕೆಂದರೆ ಪರೀಕ್ಷೆಯ ಮೇಜಿನ ಮೇಲೆ ಹೆದರಿ ನಿಂತ ನಾಯಿ ಇವನ್ನು ತೋರಿಸದೇ ಇರಬಹುದು. ಅಂದಿನ ಮಲವನ್ನು ಸಣ್ಣ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ, ಲಸಿಕೆಯ ಪುಸ್ತಕವೂ ಜೊತೆಗಿರಲಿ.