ಹೆಂಗೂ ಬಿಚ್ಚಿದ್ದೀವಿ

ಹಳೆಯ ಪಿಕಪ್ ಗಾಡಿ ಕೊಳ್ಳಲು ಹೊರಟವರು ಮೊದಲು ಬಾನೆಟ್ ಎತ್ತಿಸುತ್ತಾರೆ. ಸ್ಟಾರ್ಟ್ ಮಾಡಿಸಿ, ಹೊಗೆಯ ಬಣ್ಣ ನೋಡಿ, ಗೊತ್ತಿದ್ದವರಂತೆ ತಲೆಯಾಡಿಸುತ್ತಾರೆ. ನನ್ನನ್ನು ಕೇಳಿದರೆ ಮೊದಲು ತೆಗೆಸಬೇಕಾದ್ದು ಡ್ಯಾಶ್‌ಬೋರ್ಡಿನ ಖಾನೆಯಲ್ಲಿರುವ ಪ್ಲಾಸ್ಟಿಕ್ ಕವರು. ಗಾಡಿಗೆ ವಯಸ್ಸಾದಷ್ಟೂ ಅದರ ಕಬ್ಬಿಣ ಅಗ್ಗವಾಗುತ್ತದೆ, ಕಾಗದಪತ್ರ ದುಬಾರಿಯಾಗುತ್ತದೆ. ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದು ಹಳೆಯ ಗಾಡಿಯನ್ನು ಎಬ್ಬಿಸಿ ನಿಲ್ಲಿಸುತ್ತೇನೆ ಅನ್ನುವವರ ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಎಂಜಿನ್ನಿನಲ್ಲಲ್ಲ, ಇಲ್ಲಿ.

ತಿಪಟೂರಿನ ಹತ್ತಿರ ನಮ್ಮದೊಂದು ಚಿಕ್ಕ ತೆಂಗಿನ ತೋಟವಿದೆ. ನೋಡಿಕೊಳ್ಳುವವನು ತಮ್ಮ. ಕಾಯಿ ಸಾಗಿಸಲು, ಗೊಬ್ಬರ ತರಲು, ಮೋಟರು ಸುಟ್ಟಾಗ ರಿಪೇರಿಗೆ ಒಯ್ಯಲು ಪ್ರತಿ ಸಲವೂ ಬಾಡಿಗೆ ಗಾಡಿ. ಪೇಟೆಗೆ ಒಂದು ಬಾಡಿಗೆ ಅಂದರೆ 1,200 ರೂಪಾಯಿ, ಅದೂ ಗಾಡಿಯವನು ಫೋನ್ ಎತ್ತಿದರೆ. 2023ರಲ್ಲಿ ಚೀಟಿಯ ಹಣ ಎರಡೂವರೆ ಲಕ್ಷ ಕೈಗೆ ಬಂತು. ಹೊಸ ಪಿಕಪ್ ಅಂದರೆ ರಸ್ತೆಗಿಳಿಯುವ ಹೊತ್ತಿಗೆ ಹೆಚ್ಚೂಕಡಿಮೆ ಹತ್ತು ಲಕ್ಷ. ಎರಡು ಲಕ್ಷ ಮುಂಗಡ ಕಟ್ಟಿ ಉಳಿದ ಎಂಟು ಲಕ್ಷಕ್ಕೆ ಶೇ 10ರ ಬಡ್ಡಿಯಲ್ಲಿ ಐದು ವರ್ಷದ ಸಾಲ ತೆಗೆದರೆ ತಿಂಗಳ ಕಂತು 17 ಸಾವಿರ. ತೆಂಗಿನ ಮರ ತಿಂಗಳಿಗೊಮ್ಮೆ ಸಂಬಳ ಕೊಡುವುದಿಲ್ಲ. ಹೀಗಾಗಿ ಹಳೆಯದನ್ನು ಹುಡುಕತೊಡಗಿದೆವು.

ಮೊದಲು ಸಿಕ್ಕ ಗಾಡಿ ನೋಡಲು ಚೆನ್ನಾಗಿಯೇ ಇತ್ತು, ತಮ್ಮನಿಗೆ ಅದರ ಮೇಲೆ ಮನಸ್ಸೂ ಬಂದಿತ್ತು. ಪರಿವಾಹನ್ ತಾಣದಲ್ಲಿ ನಂಬರು ಹಾಕಿದಾಗ ಎಚ್‌ಪಿ (ಗಾಡಿಯ ಮೇಲಿನ ಸಾಲದ ನಮೂದು) ಇನ್ನೂ ಹಾಗೇ ಇದೆ ಎಂದು ಗೊತ್ತಾಯಿತು. ಸಾಲ ತೀರಿ ವರ್ಷಗಳೇ ಆದವು ಎಂದು ಮಾಲೀಕರು ಆಣೆ ಮಾಡಿ ಹೇಳಿದರು. ತೀರಿರಲೂಬಹುದು. ಆದರೆ ಎಚ್‌ಪಿ ತೆಗೆಸಲು ಫೈನಾನ್ಸ್‌ನವರ ಸಹಿ ಇರುವ ಫಾರಂ 35 ಬೇಕು, ಎನ್‌ಒಸಿ ಬೇಕು. ಸಾಲ ಕೊಟ್ಟ ಸಂಸ್ಥೆಯ ಆ ಊರಿನ ಶಾಖೆಯೇ ಮುಚ್ಚಿತ್ತು. ಸಹಿಗಾಗಿ ಯಾವ ಊರಿಗೆ ಎಷ್ಟು ಸಲ ಅಲೆಯಬೇಕೋ ಗೊತ್ತಿಲ್ಲದ ಗಾಡಿಗೆ ಬೆಲೆ ಕಟ್ಟುವುದಾದರೂ ಹೇಗೆ? ಕೈಬಿಟ್ಟೆವು.

ಎರಡನೆಯದು 2007ರ ಟಾಟಾ 207. ಗೊಬ್ಬರದ ಅಂಗಡಿಯೊಂದರಲ್ಲಿ ದುಡಿದ ಗಾಡಿ. ಕೇಳಿದ ಬೆಲೆ 1.35 ಲಕ್ಷ. ಅದರ ಎಫ್‌ಸಿ ಮುಗಿದು ಎಂಟು ತಿಂಗಳಾಗುತ್ತ ಬಂದಿತ್ತು. ಫಿಟ್‌ನೆಸ್ ಅವಧಿ ಮುಗಿದ ಮೇಲೆ ತಡವಾದ ಪ್ರತಿ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಶುಲ್ಕವೆಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಎಂಟು ತಿಂಗಳಿಗೆ ಗುಣಿಸಿದರೆ ಸುಮಾರು 12 ಸಾವಿರ. ಶೆಡ್ಡಿನಲ್ಲಿ ಸುಮ್ಮನೆ ನಿಂತಿದ್ದ ಗಾಡಿಗೆ ಇದೂ ಒಂದು ಬಾಡಿಗೆಯೇ! ಬಾಕಿಯನ್ನೆಲ್ಲ ಮಾರುವವರೇ ಕಟ್ಟಬೇಕು, ಬೆಲೆ 1.10 ಲಕ್ಷ ಎಂದು ಮಾತಾಯಿತು. ಎಂಜಿನ್ನಿನಲ್ಲಿ ಹುಳುಕು ಹುಡುಕಿ ಚೌಕಾಸಿ ಮಾಡಿದ್ದರೆ ಐದು ಸಾವಿರವೂ ಇಳಿಯುತ್ತಿರಲಿಲ್ಲ. ಎಂಜಿನ್ ಬಗ್ಗೆ ಮಾರುವವರಿಗೂ ಒಂದು ಅಭಿಪ್ರಾಯ ಇದ್ದೇ ಇರುತ್ತದೆ. ಆರ್‌ಟಿಒ ಬಾಕಿಯ ಬಗ್ಗೆ ಯಾರ ಅಭಿಪ್ರಾಯವೂ ನಡೆಯುವುದಿಲ್ಲ.

ಹೆಸರು ಬದಲಾವಣೆಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಹಾಗೇ ಇಟ್ಟುಕೊಳ್ಳುವವರು ನಮ್ಮ ಕಡೆ ಬಹಳ. ಕೊಂಡವರು 30 ದಿನದೊಳಗೆ ತಿಳಿಸಬೇಕೆಂಬುದು ಕಾನೂನು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತ ಪರಿಹಾರದ ಹೊಣೆಯೂ ಅವರದೇ ಎಂದು 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೀಗಾಗಿ ಇದರ ಅವಸರ ಕೊಂಡವರಿಗಿಂತ ಮಾರಿದವರಿಗೆ ಹೆಚ್ಚಿರಬೇಕು. ನೀವು ಹಳೆಯ ಗಾಡಿ ಮಾರುವವರಾದರೆ ಈ ಸಾಲನ್ನು ಎರಡು ಸಲ ಓದಿ.

ದುಡ್ಡನ್ನು ಗ್ಯಾರೇಜಿಗೆ ಒಯ್ಯುವ ಮೊದಲೇ 30 ಸಾವಿರವನ್ನು ಬೇರೆ ಖಾತೆಗೆ ಹಾಕಿದೆ. ತಮ್ಮನಿಗೆ ಅದರ ಎಟಿಎಂ ಕಾರ್ಡನ್ನೂ ಕೊಡಲಿಲ್ಲ. ಅದು ಕಾಗದಪತ್ರದ ದುಡ್ಡು. 7,500 ಕೆಜಿವರೆಗಿನ ಸರಕು ಗಾಡಿಗೆ ಮೂರನೇ ವ್ಯಕ್ತಿ ವಿಮೆಯ ಕಂತು 2022ರ ಜೂನ್‌ನಿಂದ 16,049 ರೂಪಾಯಿ. ಗಾಡಿ ಹೊಸದಿರಲಿ ಹಳೆಯದಿರಲಿ, ಅಷ್ಟೇ. ತೆರಿಗೆ ಮತ್ತು ಮಾಲೀಕ-ಚಾಲಕರ ಅಪಘಾತ ವಿಮೆ ಸೇರಿ ನಮಗೆ 18 ಸಾವಿರ ದಾಟಿತು. 15 ವರ್ಷ ದಾಟಿದ ಲಘು ಸರಕು ವಾಹನದ ಎಫ್‌ಸಿ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ 7,500 ರೂಪಾಯಿಗೆ ಏರಿಸಿತ್ತು. ವರ್ಗಾವಣೆ, ಹೊಗೆ ತಪಾಸಣೆ, ರಿಫ್ಲೆಕ್ಟರ್ ಟೇಪು, ಸ್ಪೀಡ್ ಗವರ್ನರ್ ಎಲ್ಲ ಸೇರಿ 31 ಸಾವಿರಕ್ಕೆ ಮುಟ್ಟಿತು. ಕಾಂಪ್ರಹೆನ್ಸಿವ್ ವಿಮೆ ಮಾಡಿಸಲಿಲ್ಲ. ಐದು ವರ್ಷ ದಾಟಿದ ಗಾಡಿಯ ಮೌಲ್ಯವನ್ನು ವಿಮಾ ಕಂಪನಿಯೂ ನಾವೂ ಮಾತಾಡಿ ಒಪ್ಪಿಕೊಳ್ಳಬೇಕು. ಕ್ಲೇಮು ಮಾಡಿದರೂ ಹತ್ತು ವರ್ಷ ಮೀರಿದ ಗಾಡಿಯ ಲೋಹದ ಬಿಡಿಭಾಗಕ್ಕೆ, ಹಾಗೆಯೇ ರಬ್ಬರು, ಪ್ಲಾಸ್ಟಿಕ್, ಬ್ಯಾಟರಿಗೆ ಅರ್ಧ ಬೆಲೆ ಸವಕಳಿಗೆ ಹೋಗುತ್ತದೆ. ಆ ಕಂತನ್ನು ರಿಪೇರಿಗೆ ತೆಗೆದಿಡುವುದೇ ವಾಸಿ.

ಎರಡು ಖರ್ಚು ಮಾತ್ರ ತಪ್ಪಿದವು. ಆರ್‌ಸಿಯಲ್ಲಿ ಒಟ್ಟು ತೂಕ 3,000 ಕೆಜಿ ಮೀರದಿದ್ದರೆ ಪರ್ಮಿಟ್ ಬೇಡ. 7,500 ಕೆಜಿಯೊಳಗಿನ ಗಾಡಿ ಓಡಿಸಲು ಸಾಮಾನ್ಯ ಎಲ್‌ಎಂವಿ ಲೈಸೆನ್ಸ್ ಸಾಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತ್ತು. 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು. ತಮ್ಮನ ಲೈಸೆನ್ಸೇ ಸಾಕಾಯಿತು, ಡ್ರೈವರ್ ಸಂಬಳ ತಪ್ಪಿತು. ಒಂದು ಮಾತು ಮಾತ್ರ ಅವನಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ: ಕಾಯಿ ಕೀಳುವವರನ್ನು ಹಿಂದೆ ಕೂರಿಸಿಕೊಂಡು ಬರಬೇಡ. ಸರಕು ಗಾಡಿಯಲ್ಲಿ ಸುಮ್ಮನೆ ಹತ್ತಿಸಿಕೊಂಡವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಆಶಾರಾಣಿ ಪ್ರಕರಣದಲ್ಲಿ ತೀರ್ಪಾಗಿದೆ. ಒಂದು ತಿರುವಿನಲ್ಲಿ ಇಡೀ ತೋಟವೇ ಹೋದೀತು.

ಇನ್ನು ಕಬ್ಬಿಣದ ಮಾತು.

ಗ್ಯಾರೇಜಿನಲ್ಲಿ ಜೇಬು ಕತ್ತರಿಸುವ ಮಾತು ಒಂದೇ. "ಹೆಂಗೂ ಬಿಚ್ಚಿದ್ದೀವಿ ಸಾರ್, ಅದನ್ನೂ ಮಾಡ್ಬಿಡಾಣ." ಕ್ಲಚ್ ಪ್ಲೇಟಿಗೆಂದು ಗೇರ್‌ಬಾಕ್ಸ್ ಇಳಿಸಿದರೆ, ಹೆಂಗೂ ಇಳಿಸಿದ್ದೀವಿ, ಬೇರಿಂಗೂ ಹಾಕಾಣ. ಅದು ಸರಿಯಾದ ಮಾತು. ಅದೇ ಕೆಲಸಕ್ಕೆ ಎರಡು ಸಲ ಮಜೂರಿ ಕೊಡುವುದು ತಪ್ಪುತ್ತದೆ. ಹೆಂಗೂ ಗೇರ್‌ಬಾಕ್ಸ್ ಹೊರಗಿದೆ, ಎಂಜಿನ್ನನ್ನೂ ಇಳಿಸಾಣ. ಇದು ಸರಿಯಲ್ಲ. ಎರಡೂ ಒಂದೇ ದನಿಯಲ್ಲಿ, ಒಂದೇ ಕಾಳಜಿಯಲ್ಲಿ ಬರುತ್ತವೆ. ಹೇಳುವವರಲ್ಲಿ ಮೋಸವಿಲ್ಲ, ಕೆಲಸದ ಮೇಲಿನ ಪ್ರೀತಿಯೇ ಇದೆ. ಒಳ್ಳೆಯ ಮೇಸ್ತ್ರಿಗೆ ಯಾವುದನ್ನೂ ಅರ್ಧಕ್ಕೆ ಬಿಡಲು ಮನಸ್ಸು ಬರುವುದಿಲ್ಲ. ಅಷ್ಟು ಹೊತ್ತಿಗೆ ಅರ್ಧ ದುಡ್ಡು ಕರಗಿರುವ ನಮಗೂ ಮುಳುಗಿದವನಿಗೆ ಚಳಿಯೇನು ಮಳೆಯೇನು ಎಂಬ ಧೈರ್ಯ ಬಂದಿರುತ್ತದೆ.

ನಾನು ಕೇಳುತ್ತಿದ್ದ ಪ್ರಶ್ನೆ ಇಷ್ಟೇ: ಇದನ್ನು ಈಗ ಮಾಡದಿದ್ದರೆ ಗಾಡಿ ನಿಲ್ಲುತ್ತದೋ, ಇಲ್ಲ ಎಫ್‌ಸಿ ನಿಲ್ಲುತ್ತದೋ? ಎರಡೂ ಇಲ್ಲವೆಂದರೆ ಆಮೇಲೆ ನೋಡೋಣ. ಎಂಜಿನ್ ಓಡುತ್ತಿರುವಾಗ ಆಯಿಲ್ ಕ್ಯಾಪ್ ತೆಗೆದು ನೋಡಿದರೆ ಬ್ಯಾಕ್ ಕಂಪ್ರೆಷನ್ ಎಷ್ಟಿದೆ ಎಂದು ತಿಳಿಯುತ್ತದೆ. ಹೊಗೆ ಬುಸುಗುಟ್ಟಿಕೊಂಡು ಬಂದರೆ ಪಿಸ್ಟನ್ನು, ರಿಂಗು, ಲೈನರು ಮುಗಿದಿವೆ ಎಂದರ್ಥ. ನಮ್ಮದರಲ್ಲಿ ಸಣ್ಣಗೆ ಬರುತ್ತಿತ್ತು. ಹೆಡ್ ಮುಟ್ಟಲಿಲ್ಲ. ಡೀಸೆಲ್ ಪಂಪು, ನಾಝಲ್ ಕ್ಯಾಲಿಬ್ರೇಶನ್ ಮಾಡಿಸಿ ಕ್ಲಚ್ ಹೊಸದು ಹಾಕಿಸಿದ್ದಕ್ಕೆ 19 ಸಾವಿರ. ಆ ಕಾಲದ ಗಾಡಿಗಳ ದೊಡ್ಡ ಅನುಕೂಲ ಇದೇ: ಪಂಪಿನಿಂದ ಹಿಡಿದು ಎಲ್ಲವೂ ಮೆಕ್ಯಾನಿಕಲ್, ಕೈಯಿಂದ ಬಿಚ್ಚಿ ಜೋಡಿಸುವಂಥದು. ತಾಲ್ಲೂಕಿನ ಲೇತ್ ಅಂಗಡಿಯಲ್ಲೇ ಕೆಲಸ ಮುಗಿಯುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿ ಕೆಟ್ಟರೆ ಮೊದಲು ಸ್ಕ್ಯಾನರ್ ಇರುವವರನ್ನು ಹುಡುಕಬೇಕು.

ಬ್ರೇಕು, ಕಿಂಗ್‌ಪಿನ್ನು, ಸ್ಟೇರಿಂಗಿನ ಆಟ, ಇವುಗಳಲ್ಲಿ ಚೌಕಾಸಿ ಮಾಡಲಿಲ್ಲ. 24 ಸಾವಿರ. ಲೈನಿಂಗು, ವೀಲ್ ಸಿಲಿಂಡರು, ಮಾಸ್ಟರ್ ಸಿಲಿಂಡರು ಎಲ್ಲ ಹೊಸವು. ಆದರೆ ಬಾಗಿಲು, ದೀಪದ ಚೌಕಟ್ಟು, ಸೀಟು, ಗಾಜು ಇಳಿಸುವ ಹಿಡಿ ಎಲ್ಲ ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಬಂದವು. ಓಡುವುದಕ್ಕೂ ನಿಲ್ಲುವುದಕ್ಕೂ ಬೇಕಾದದ್ದು ಹೊಸದು, ಕಣ್ಣಿಗೆ ಕಾಣುವುದು ಹಳೆಯದು. ನಮ್ಮ ಜನ ಬಹುಮಟ್ಟಿಗೆ ಇದನ್ನು ತಿರುಗಾ ಮುರುಗಾ ಮಾಡುತ್ತಾರೆ. ಮುಂದಕ್ಕೆ ಹೊಸ ಟೈರು, ಹಿಂದಕ್ಕೆ ರೀಟ್ರೆಡ್, ಒಟ್ಟು 18 ಸಾವಿರ. ಟೈರಿನ ಪಕ್ಕದಲ್ಲಿ ಕೊನೆಗೆ ಅಚ್ಚಾಗಿರುವ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ ಹೇಳುತ್ತವೆ. ಅಂಗಡಿಯ ಮೂಲೆಯಲ್ಲಿ ವರ್ಷಗಟ್ಟಲೆ ಮಲಗಿದ್ದ ಟೈರನ್ನು ಹೊಸದರ ಬೆಲೆಗೆ ಕೊಡುವವರಿದ್ದಾರೆ, ಓದಿ ನೋಡಿ.

ಹೆಚ್ಚು ತಿಂದದ್ದು ತುಕ್ಕು. ಪೊಟ್ಯಾಷ್ ಗೊಬ್ಬರದಲ್ಲಿರುವ ಕ್ಲೋರೈಡ್ ತೇವದೊಂದಿಗೆ ಸೇರಿದರೆ ಉಕ್ಕನ್ನು ಬಿಡುವುದಿಲ್ಲ. ಹಿಂದಿನ ತೊಟ್ಟಿಯ ತಳ ಹಪ್ಪಳವಾಗಿತ್ತು. ಅದು ಹೋಗಲಿ, ತಗಡು ಬದಲಿಸಬಹುದು. ನೋಡಬೇಕಾದ್ದು ಚಾಸಿ. ಲೀಫ್ ಸ್ಪ್ರಿಂಗು ಕೂರುವ ಜಾಗ, ಅಡ್ಡಪಟ್ಟಿ ಸೇರುವ ಮೂಲೆಗಳಲ್ಲಿ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತುಕ್ಕು ಹಿಡಿದದ್ದು ಮಂಕಾಗಿ ಸದ್ದು ಮಾಡಿ ಪಕಳೆ ಉದುರಿಸುತ್ತದೆ. ಕೊಳ್ಳುವ ಮೊದಲೇ ಅದನ್ನು ಮಾಡಿದ್ದೆವು. ಅಲ್ಲಿ ಮಂಕು ಸದ್ದು ಬಂದಿದ್ದರೆ ಪುಕ್ಕಟೆ ಕೊಟ್ಟರೂ ಬೇಡವಾಗಿತ್ತು.

ತಳಕ್ಕೆ 3 ಮಿ.ಮೀ. ತಗಡು ಹಾಕಿಸಿದೆವು. ಚದರ ಮೀಟರಿಗೆ ಸುಮಾರು 24 ಕೆಜಿ ತೂಗುತ್ತದೆ. ತಗಡು ತೂಕದ ಲೆಕ್ಕದಲ್ಲೇ ಮಾರಾಟವಾಗುವುದರಿಂದ ಅಳತೆ ಟೇಪು ಹಿಡಿದು ಮನೆಯಲ್ಲೇ ಖರ್ಚು ಅಂದಾಜು ಮಾಡಬಹುದು. ಟಿಂಕರ್ ಕೆಲಸದವರು ದಿನಗೂಲಿ ಕೇಳಿದರು. ದಿನಗೂಲಿಯಾದರೆ ಮಳೆ ಬಂದ ದಿನವೂ ನಮ್ಮದೇ ಖರ್ಚು. ಬಾಗಿಲಿಗಿಷ್ಟು, ತಳಕ್ಕಿಷ್ಟು ಎಂದು ಗುತ್ತಿಗೆ ಮಾತಾಡಿ, ಬಿಚ್ಚಿದ ಹಳೆ ತಗಡು ನಮಗೇ ಸೇರಬೇಕೆಂದು ಮೊದಲೇ ಹೇಳಿದೆವು. ಅದನ್ನು ಗುಜರಿಗೆ ಹಾಕಿದ ದುಡ್ಡಿನಲ್ಲಿ ಚಾಸಿಗೆ ರೆಡ್ ಆಕ್ಸೈಡು ಮತ್ತು ಕಪ್ಪು ಬಣ್ಣ ಬಂತು, ಬಳಿದವರು ನಾವೇ. ತಗಡಿನ ಕೆಲಸ 31 ಸಾವಿರ, ಹೊರಗಿನ ಬಣ್ಣ 14 ಸಾವಿರ, ವೈರಿಂಗು, ಬ್ಯಾಟರಿ ಎಂದು ಹನ್ನೊಂದೂವರೆ ಸಾವಿರ. ಬಣ್ಣಕ್ಕೆ ಅಷ್ಟು ಹಾಕಬಾರದಿತ್ತು ಅಂತ ನನ್ನ ವಾದ. "ಗಾಡಿ ಓಡ್ಸೋನು ನಾನು ಕಣಣ್ಣ" ಅಂತ ತಮ್ಮನ ವಾದ. ಅಮ್ಮ ಅವನ ಕಡೆ.

ಎಲ್ಲ ಕೂಡಿದರೆ 2 ಲಕ್ಷ 58 ಸಾವಿರ ಚಿಲ್ಲರೆ. ಚೀಟಿ ಹಣ ಸಾಲದೆ ಉಳಿದದ್ದನ್ನು ಸಂಬಳದಿಂದ ಹಾಕಿದೆ. ಒಡವೆ ಸಾಲಕ್ಕೆ ಹೋಗಲಿಲ್ಲ.

ಇದು ಲಾಭವೇ? ಅಗ್ಗದ ಗಾಡಿ ಎಂದು ಹೆಮ್ಮೆಪಡುವವರು ಈ ಲೆಕ್ಕ ಹಾಕುವುದಿಲ್ಲ. ವಿಮೆ, ಎಫ್‌ಸಿ ಸೇರಿ ವರ್ಷಕ್ಕೆ 26 ಸಾವಿರ. ಟೈರು, ರಿಪೇರಿಗೆಂದು ತಿಂಗಳಿಗೆ ಮೂರು ಸಾವಿರ ಎತ್ತಿಡಲೇಬೇಕು. ಹಾಕಿದ ದುಡ್ಡು ಶೇ 7ರ ಎಫ್‌ಡಿಯಲ್ಲಿದ್ದರೆ ಬರುತ್ತಿದ್ದ ಬಡ್ಡಿ ತಿಂಗಳಿಗೆ ಒಂದೂವರೆ ಸಾವಿರ. ನಾಲ್ಕು ವರ್ಷದ ಮೇಲೆ ಗಾಡಿ ಒಂದೂವರೆ ಲಕ್ಷಕ್ಕೆ ಹೋದೀತು ಎಂದುಕೊಂಡರೂ ತಿಂಗಳಿಗೆ ಎರಡು ಸಾವಿರದ ಮುನ್ನೂರು ಸವಕಳಿ. ಒಟ್ಟಿಗೆ ಒಂಬತ್ತು ಸಾವಿರ, ಗಾಡಿ ಮನೆ ಮುಂದೆ ನಿಂತಿದ್ದರೂ. ಒಂದು ಬಾಡಿಗೆಯ 1,200ರಲ್ಲಿ ಡೀಸೆಲ್ಲಿನ 350 ಕಳೆದರೆ ಉಳಿತಾಯ 850. ತಿಂಗಳಿಗೆ 11 ಲೋಡಾದರೂ ಇದ್ದರೆ ಸ್ವಂತ ಗಾಡಿ. ಅದಕ್ಕಿಂತ ಕಡಿಮೆ ಇರುವವರು, ಗಾಡಿ ಎಷ್ಟೇ ಅಗ್ಗಕ್ಕೆ ಸಿಗಲಿ, ಬಾಡಿಗೆ ಗಾಡಿಯವನಿಗೆ ಇನ್ನೊಂದು ಸಲ ಫೋನ್ ಮಾಡುವುದೇ ಸರಿ. ನಮಗೆ ನಮ್ಮ ತೋಟದ ಲೋಡಷ್ಟೇ ಆಗಿದ್ದರೆ ಮುಟ್ಟುತ್ತಿರಲಿಲ್ಲ. ಪಕ್ಕದ ತೋಟದವರ ಕಾಯಿಯೂ ಇದರಲ್ಲೇ ಹೋಗುವುದರಿಂದ ಲೆಕ್ಕ ಕೂಡಿಬರುತ್ತಿದೆ.

2027ಕ್ಕೆ ಗಾಡಿಗೆ ಇಪ್ಪತ್ತು ತುಂಬುತ್ತದೆ. 2025ರ ನವೆಂಬರ್‌ನಲ್ಲಿ ಕೇಂದ್ರ ಶುಲ್ಕವನ್ನು ಮತ್ತೆ ಏರಿಸಿದ್ದು, ಇಪ್ಪತ್ತು ದಾಟಿದ ಲಘು ವಾಹನಕ್ಕೆ ಎಫ್‌ಸಿ 15 ಸಾವಿರ. ಅಂದರೆ ಒಂಬತ್ತು ಸಾವಿರದ ಲೆಕ್ಕ ಒಂಬತ್ತೂವರೆ ದಾಟುತ್ತದೆ, ಒಂದೂವರೆ ಲಕ್ಷಕ್ಕೆ ಕೊಳ್ಳುವವರೂ ಕಡಿಮೆಯಾಗುತ್ತಾರೆ. ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಟ್ಟರೆ ಸಿಗುವ ಪ್ರಮಾಣಪತ್ರದಿಂದ ಹೊಸ ಸರಕು ಗಾಡಿಯ ತೆರಿಗೆಯಲ್ಲಿ ಶೇ 15ರವರೆಗೆ ರಿಯಾಯಿತಿ ಕೊಡಲು ಕೇಂದ್ರದ ನಿಯಮ ಅವಕಾಶ ಕೊಟ್ಟಿದೆ. ಆ ಹೊತ್ತಿಗೆ ಮುಂಗಡ ಕಟ್ಟಲು ಆಗಲಿ ಎಂದು ತಿಂಗಳಿಗೆ ನಾಲ್ಕು ಸಾವಿರದ ಆರ್‌ಡಿ ಶುರು ಮಾಡಿದ್ದೇನೆ. ತಮ್ಮ ಮಾತ್ರ ಆ ದುಡ್ಡಿನಲ್ಲಿ ಎಂಜಿನ್ ಇಳಿಸಿ ಹೊಸ ಲೈನರ್ ಹಾಕಿಸೋಣ ಅನ್ನುತ್ತಿದ್ದಾನೆ. ಮೇಸ್ತ್ರಿಯ ಹತ್ತಿರ ಆಗಲೇ ರೇಟು ಕೇಳಿಕೊಂಡೂ ಬಂದಿದ್ದಾನೆ.