ಕೇಳಿ ತೆರೆಸಿಕೊಂಡ ಪೋರ್ಟ್

ಮಂಗಳೂರಿನಲ್ಲಿ ಹಳೆಯ ಪುಸ್ತಕಗಳಿಗೆ ಬರವಿಲ್ಲ. 1841ರಲ್ಲಿ ಶುರುವಾದ ಬಾಸೆಲ್ ಮಿಶನ್ ಪ್ರೆಸ್ಸಿನ ಊರು ಇದು. ಕಿಟೆಲ್ ನಿಘಂಟು 1894ರಲ್ಲಿ ಹೊರಬಂದದ್ದೂ ಇಲ್ಲಿಂದಲೇ. ಅಂಥ ಪುಸ್ತಕಗಳನ್ನು ನಗರದ ಒಂದು ಸಂಸ್ಥೆಯಲ್ಲಿ ಸ್ಕ್ಯಾನ್ ಮಾಡಿ, ರಾತ್ರಿ ಸುರತ್ಕಲ್ಲಿನ ಮನೆಯಲ್ಲಿ ಕುಳಿತು ಪುಟಗಳನ್ನು ತಿದ್ದುವುದು ನನ್ನ ಕೆಲಸ. ಎ4 ಅಳತೆಯ ಒಂದು ಪುಟವನ್ನು 600 ಡಿಪಿಐಯಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿ, ಕುಗ್ಗಿಸದೆ ಇಟ್ಟರೆ ಸುಮಾರು 100 ಎಂಬಿ. ಪೆನ್‌ಡ್ರೈವಿಗೆ ಅಲ್ಲಿ ಅನುಮತಿಯಿಲ್ಲ. ಮೇಲಿನವರ ಒಪ್ಪಿಗೆ ಪಡೆದು, ಅಲ್ಲಿನ ಮತ್ತು ಮನೆಯ ಕಂಪ್ಯೂಟರ್‌ಗಳ ನಡುವೆ ಫೈಲುಗಳನ್ನು ತಾನಾಗಿಯೇ ಹೊಂದಿಸಿಡುವ ಸಿಂಕ್‌ಥಿಂಗ್ ಎಂಬ ತಂತ್ರಾಂಶ ಹಾಕಿಕೊಂಡೆ.

ಸಂಸ್ಥೆಯ ಫೈರ್‌ವಾಲ್ ಹೊರಗೆ ಬಿಡುತ್ತಿದ್ದದ್ದು 80 ಮತ್ತು 443 ಪೋರ್ಟ್‌ಗಳನ್ನು ಮಾತ್ರ. ಸಿಂಕ್‌ಥಿಂಗ್‌ಗೆ ನೇರ ಸಂಪರ್ಕಕ್ಕೆ ಸಾಮಾನ್ಯವಾಗಿ 22000 ಬೇಕು. ಆದರೂ ಎರಡು ಕಂಪ್ಯೂಟರ್‌ಗಳೂ ಸೇರಿಕೊಂಡವು, ನಡುವೆ ನಿಂತು ಫೈಲು ದಾಟಿಸುವ ರಿಲೇ ಸರ್ವರ್‌ಗಳ ಮೂಲಕ. ಸ್ವಯಂಸೇವಕರು ನಡೆಸುವ ಈ ಸರ್ವರ್‌ಗಳಲ್ಲಿ ಹಲವು 443ರಲ್ಲೇ ಸಿಗುತ್ತವೆ. ಫೈಲುಗಳು ಎನ್‌ಕ್ರಿಪ್ಟ್ ಆಗಿಯೇ ಹೋಗುವುದರಿಂದ ರಿಲೇ ನಡೆಸುವವರಿಗೆ ಅವನ್ನು ಓದಲಾಗದು. ವೇಗ ಮಾತ್ರ ತೀರಾ ಕಡಿಮೆ. ಸಂಜೆ ಸ್ಕ್ಯಾನ್ ಆದ ಪುಸ್ತಕ ಬೆಳಗಾದರೂ ಮನೆಗೆ ಪೂರ್ತಿ ಬಂದಿರುತ್ತಿರಲಿಲ್ಲ.

ಫೈರ್‌ವಾಲ್ ದಾಟಲು ವಿಪಿಎನ್ ಹಾಕು ಎಂದವರಿದ್ದರು. ಪುಸ್ತಕವೂ ಸಂಸ್ಥೆಯದ್ದು, ನೆಟ್‌ವರ್ಕೂ ಸಂಸ್ಥೆಯದ್ದು. ಕಣ್ಣು ತಪ್ಪಿಸಿ ಮಾಡುವ ಕೆಲಸ ಇದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. 22000 ತೆರೆದುಕೊಡಿ ಎಂದು ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಒಂದು ಪುಟದ ಪತ್ರ ಬರೆದೆ. ಅವರ ಪ್ರಶ್ನೆ ಸರಿಯಾಗಿಯೇ ಇತ್ತು: “ಹೊರಗಿನವರು ಯಾರಾದರೂ ಒಳಗೆ ಬಂದರೆ?” ಸಂಸ್ಥೆಯ ಕಡೆ ಒಳಬರುವ ಪೋರ್ಟ್ ತೆರೆಯಬೇಕಾಗಿಲ್ಲ, ಹೊರಹೋಗುವ ಟಿಸಿಪಿ 22000 ಸಾಕು ಎಂದು ತೋರಿಸಿದೆ. ಪ್ರತಿ ಸಾಧನದ ಐಡಿ ಅದರ ಸರ್ಟಿಫಿಕೇಟಿನಿಂದಲೇ ಹುಟ್ಟುತ್ತದೆ; ಎರಡೂ ಕಡೆಯವರು ಒಪ್ಪದೆ ಸಂಪರ್ಕವಾಗದು. ಸ್ಕ್ಯಾನರಿನ ಕಂಪ್ಯೂಟರಿಗೆ ಮಾತ್ರ, ನನ್ನ ಮನೆಯ ಐಪಿ ವಿಳಾಸಕ್ಕೆ ಮಾತ್ರ ದಾರಿ ಬಿಡಲು ಅವರು ಒಪ್ಪಿದರು.

ಇನ್ನೊಂದು ಗೋಡೆ ಮನೆಯಲ್ಲೇ ಇತ್ತು. ಮನೆಯ ಇಂಟರ್ನೆಟ್ ಕಂಪನಿ ಒಂದೇ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚಿತ್ತು, ಹಾಗಾಗಿ ಹೊರಗಿನಿಂದ ನೇರವಾಗಿ ಒಳಗೆ ಬರಲಾಗುತ್ತಿರಲಿಲ್ಲ. ಹೆಚ್ಚು ಹಣ ಕೊಟ್ಟು ಸ್ಟ್ಯಾಟಿಕ್ ಐಪಿ ತೆಗೆದುಕೊಂಡು, ರೂಟರಿನಲ್ಲಿ 22000ವನ್ನು ಮನೆಯ ಕಂಪ್ಯೂಟರಿಗೆ ತಿರುಗಿಸಿದೆ. ಎರಡು ತುದಿಗಳಲ್ಲಿ ಒಂದು ಹೊರಗಿನಿಂದ ಸಿಕ್ಕರೆ ಸಾಕು, ರಿಲೇ ಬೇಕಾಗುವುದಿಲ್ಲ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಹೋಗುವುದು ಮಾಮೂಲು. ಸಿಂಕ್‌ಥಿಂಗ್ ಫೈಲನ್ನು ತುಂಡುತುಂಡಾಗಿ ಕಳಿಸುತ್ತದೆ. ಕರೆಂಟು ಬಂದ ಮೇಲೆ ಉಳಿದ ತುಂಡುಗಳಷ್ಟೇ ಬರುತ್ತವೆ. ನೂರು ಎಂಬಿಯ ಪುಟಗಳಿಗೆ ಇದು ದೊಡ್ಡ ಉಪಕಾರ.

ನಿಮ್ಮ ಕಚೇರಿಯಲ್ಲೂ ಸಿಂಕ್ ನಿಂತರೆ “ನೆಟ್ ಸರಿಯಿಲ್ಲ” ಎಂದಷ್ಟೇ ದೂರು ಕೊಡಬೇಡಿ. ಯಾವ ಕಂಪ್ಯೂಟರಿನಿಂದ, ಯಾವ ವಿಳಾಸಕ್ಕೆ, ಯಾವ ಪೋರ್ಟ್, ಯಾವ ಕೆಲಸಕ್ಕೆ ಬೇಕು ಎಂದು ಬರೆದು ಕೊಡಿ.