ನಾಲ್ಕನೇ ಪುಟ

ವಾರಕ್ಕೆ ಒಬ್ಬರಾದರೂ ಬಂದು ಕೇಳುತ್ತಾರೆ, ನಾಯಿಗೆ ಮೈ ಕೆರೆತ, ಅಲರ್ಜಿ ಮಾತ್ರೆ ಕೊಡಿ ಅಂತ. ನಾನು ಕೊಡುವುದಿಲ್ಲ. ಮನುಷ್ಯರ ಔಷಧವನ್ನು ಪಶುವೈದ್ಯರ ಚೀಟಿಯಿಲ್ಲದೆ ಪ್ರಾಣಿಗೆಂದು ಮಾರುವಂತಿಲ್ಲ, ಇದು ಈ ದೇಶದ ಕಾನೂನು. ಲೀಡ್ಸಿನ ಔಷಧಿ ಅಂಗಡಿಯೊಂದರ ಕೌಂಟರಿನ ಹಿಂದೆ ನಿಂತು ಹದಿನಾಲ್ಕು ವರ್ಷಗಳಿಂದ ಇದನ್ನೇ ಹೇಳುತ್ತ ಬಂದಿದ್ದೇನೆ. ಹಾಗೆ ಹೇಳುವ ಮನುಷ್ಯನೇ 2025ರ ಯುಗಾದಿಯ ದಿನ ನಮ್ಮ ಚಿಕ್ಕುವಿಗೆ ಸ್ವಂತ ಕೈಯಿಂದ ಲೋಪರಮೈಡ್ ನುಂಗಿಸಿದೆ. ಭೇದಿ ನಿಲ್ಲಿಸುವ ಮಾತ್ರೆ ಅದು. ಇಮೋಡಿಯಮ್ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ.

ಚಿಕ್ಕು ನಾಯಿಧಾಮದಿಂದ ಬಂದದ್ದು. ಸಪೋಟದ ಬಣ್ಣ, ಅದಕ್ಕೇ ಆ ಹೆಸರು. ನಾಲ್ಕೂ ಪಾದ ಬಿಳಿ, ಸಾಕ್ಸ್ ತೊಡಿಸಿದ ಹಾಗೆ. ಕಾಗದದಲ್ಲಿ 'ಕೋಲಿ ಮಿಶ್ರತಳಿ' ಅಂತ ಒಂದೇ ಸಾಲು ಬರೆದಿದ್ದರು. ಮಿಶ್ರ ಅಂದರೆ ಯಾವುದರ ಜೊತೆ ಎಂದು ನನ್ನ ಭಾಮೈದನಿಗೆ ನಮಗಿಂತ ಹೆಚ್ಚು ಕುತೂಹಲ. ಬರ್ಮಿಂಗ್‌ಹ್ಯಾಮಿನಲ್ಲಿರುವ ಅವನು ಪ್ರತಿ ಮಾರ್ಚಿನಲ್ಲಿ ಅಲ್ಲಿನ ಎನ್‌ಇಸಿಯಲ್ಲಿ ನಡೆಯುವ ಕ್ರಫ್ಟ್ಸ್ ಶ್ವಾನ ಪ್ರದರ್ಶನವನ್ನು ನಮ್ಮವರು ದಸರಾ ನೋಡುವ ಹಾಗೆ ನೋಡುತ್ತಾನೆ. 2024ರಲ್ಲಿ ಒಂದು ಡಿಎನ್‌ಎ ಪರೀಕ್ಷೆಯ ಡಬ್ಬಿ ಉಡುಗೊರೆ ಕೊಟ್ಟ. ಒಳಗೆ ಹತ್ತಿಬ್ರಷ್ಷು ಕಟ್ಟಿದ ಎರಡು ಕಡ್ಡಿ. ಚಿಕ್ಕುವಿನ ಕೆನ್ನೆಯ ಒಳಬದಿಗೆ ಉಜ್ಜಿ ಅಂಚೆಗೆ ಹಾಕಿದೆವು. ಮೂರ್ನಾಲ್ಕು ವಾರಕ್ಕೆ ವರದಿ ಮೇಲ್‌ನಲ್ಲಿ ಬಂತು. ಮೊದಲ ಪುಟದಲ್ಲೇ ಬಣ್ಣಬಣ್ಣದ ಚಕ್ರ: ಅರ್ಧಕ್ಕಿಂತ ಹೆಚ್ಚು ರಫ್ ಕೋಲಿ, ಉಳಿದದ್ದರಲ್ಲಿ ದೊಡ್ಡ ಪಾಲು ಆಸ್ಟ್ರೇಲಿಯನ್ ಶೆಫರ್ಡ್. ಆ ಚಕ್ರವನ್ನು ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದೆ. ದಾವಣಗೆರೆಯಿಂದ ಅಮ್ಮ, "ಜಾತಕ ಬರೆಸಿದ್ಯೇನೋ ನಾಯಿಗೆ" ಅಂದಳು. ಎಲ್ಲರೂ ನಕ್ಕೆವು. ಅಲ್ಲಿಗೆ ಮುಗಿಯಿತು.

ಯುಗಾದಿ ಆ ವರ್ಷ ಮಾರ್ಚ್ 30ರ ಭಾನುವಾರ ಬಿತ್ತು. ಭಾಮೈದ ಸಂಸಾರ ಸಮೇತ ಶನಿವಾರವೇ ಬಂದಿದ್ದ, ಜೊತೆಗೆ ಒಂದು ಕಿಲೋ ಮೈಸೂರು ಪಾಕ್. "ಒಂದು ತುಂಡಿಗೆ ಏನಾಗುತ್ತೆ ಭಾವ" ಅನ್ನುತ್ತ ರಾತ್ರಿಯಿಡೀ ಚಿಕ್ಕುವಿಗೆ ತಿನ್ನಿಸಿದ. ಒಂದಲ್ಲ, ಐದೋ ಆರೋ. ಬೆಳಿಗ್ಗೆ ಅಡುಗೆಮನೆಯ ನೆಲ ನೋಡಿದ ನನ್ನ ಹೆಂಡತಿ ಬೇವು-ಬೆಲ್ಲ ಕಲಸುವುದನ್ನೂ ಬಿಟ್ಟು ಹೊರಗೆ ಹೋಗಿ ನಿಂತಳು. ನಮ್ಮ ಪಶುವೈದ್ಯರ ಕ್ಲಿನಿಕ್ಕಿಗೆ ಫೋನ್ ಮಾಡಿದರೆ ರೆಕಾರ್ಡ್ ಮಾಡಿದ ದನಿ: ಸೋಮವಾರ ಬನ್ನಿ, ತುರ್ತಾದರೆ ಇನ್ನೊಂದು ನಂಬರಿಗೆ ಕರೆ ಮಾಡಿ. ಭೇದಿಗೆ ಎಂಥ ತುರ್ತು? "ನಮ್ಮ ಲ್ಯಾಬ್ರಡಾರ್‌ಗೆ ಇಮೋಡಿಯಮ್ ಕೊಟ್ಟಿದ್ದೆ ಭಾವ, ಮಧ್ಯಾಹ್ನಕ್ಕೆ ಸರಿಹೋಯ್ತು" ಅಂದ ಭಾಮೈದ. ನಾನು ಪೇಪರಿನ ಅಂಚಿನಲ್ಲಿ ಲೆಕ್ಕ ಹಾಕಿದೆ. ಇಪ್ಪತ್ತೆರಡು ಕಿಲೋ ನಾಯಿ, ಎರಡು ಮಿಲಿಗ್ರಾಂ ಕ್ಯಾಪ್ಸೂಲು. ಕಿಲೋಗೆ 0.1 ಮಿಲಿಗ್ರಾಂ ಕೂಡ ಮೀರುವುದಿಲ್ಲ. ಬೆಳಿಗ್ಗೆ ಒಂದು, ಸಂಜೆಗೆ ಇನ್ನೊಂದು. ಲೆಕ್ಕ ತಪ್ಪಿರಲಿಲ್ಲ, ಅದನ್ನು ಇವತ್ತಿಗೂ ಹೇಳುತ್ತೇನೆ.

ರಾತ್ರಿ ಊಟದ ಹೊತ್ತಿಗೆ ಮಗಳು ಕೂಗಿದಳು, "ಅಪ್ಪಾ, ಚಿಕ್ಕು ಕುಡಿದವರ ಥರ ನಡೀತಿದೆ."

ಹಿಂಗಾಲು ಒಂದಕ್ಕೊಂದು ತೊಡರುತ್ತಿದ್ದವು. ಸೋಫಾಕ್ಕೆ ಗುದ್ದಿತು, ಅದು ಅಲ್ಲಿದೆ ಅನ್ನುವುದೇ ಗೊತ್ತಿಲ್ಲದ ಹಾಗೆ ಮತ್ತೆ ಗುದ್ದಿತು. ಬಾಯಿಯಿಂದ ಜೊಲ್ಲು ಎಳೆ ಎಳೆಯಾಗಿ ಕಾರ್ಪೆಟ್ಟಿಗೆ ಸುರಿಯಿತು. ಹೆಸರು ಹಿಡಿದು ಕರೆದೆ. ನನ್ನ ದನಿ ಬಂದ ಕಡೆಗಲ್ಲ, ಗೋಡೆಯ ಕಡೆಗೆ ತಿರುಗಿತು. ಆಮೇಲೆ ಕುಸಿದು ಕೂತು ಸಣ್ಣಗೆ ಮುಲುಗತೊಡಗಿತು. ಆ ಮುಲುಗು ಕೂಡ ಕಡಿಮೆಯಾಗುತ್ತ ಹೋಯಿತಲ್ಲ, ಆಗ ನನಗೆ ನಿಜವಾಗಿ ಭಯವಾಯಿತು. ಕಂಬಳಿಯಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿಗೆ ಹಾಕಿಕೊಂಡೆವು. ರಿಂಗ್ ರೋಡಿನ ಪ್ರತಿ ಸಿಗ್ನಲ್ಲೂ ಕೆಂಪು. ಹಿಂದೆ ಕೂತ ಹೆಂಡತಿ ಅದರ ಪಕ್ಕೆಯ ಮೇಲೆ ಕೈಯಿಟ್ಟು ಎಣಿಸುತ್ತಿದ್ದಳು. "ರೀ, ಉಸಿರು ತುಂಬ ನಿಧಾನ ರೀ" ಅಂದಳು. ನಾನು ಉತ್ತರ ಕೊಡಲಿಲ್ಲ. ಕಣ್ಣು ಮುಚ್ಚಿ ನಿಧಾನ ಉಸಿರಾಡುವುದು ಯಾವ ಔಷಧದ ಗುಣ ಅನ್ನುವುದು ಅಷ್ಟರಲ್ಲಿ ನನಗೆ ಹೊಳೆದಿತ್ತು, ಬಾಯಿ ಬಿಟ್ಟು ಹೇಳುವ ಧೈರ್ಯ ಬರಲಿಲ್ಲ.

ತುರ್ತು ಆಸ್ಪತ್ರೆಯ ಪಶುವೈದ್ಯೆಗೆ ಮೂವತ್ತು ವರ್ಷವೂ ಆಗಿರಲಿಕ್ಕಿಲ್ಲ. ಕೊನೆಯ ಕ್ಯಾಪ್ಸೂಲು ಎಷ್ಟು ಗಂಟೆಗೆ ಎಂದು ಕೇಳಿದಳು. ನಾನು ನಾಲ್ಕು ಅಂದೆ, ಹೆಂಡತಿ ಐದು ಅಂದಳು. ಅವತ್ತು ಬೆಳಗಿನ ಜಾವವೇ ಇಲ್ಲಿ ಗಡಿಯಾರ ಒಂದು ತಾಸು ಮುಂದಕ್ಕೆ ಹೋಗಿತ್ತು, ಅಡುಗೆಮನೆಯದನ್ನು ನಾವು ತಿರುಗಿಸಿರಲಿಲ್ಲ. ಅಂಥ ಹೊತ್ತಿನಲ್ಲೂ ಇಬ್ಬರೂ ಗಡಿಯಾರದ ಬಗ್ಗೆ ಜಗಳಕ್ಕೆ ನಿಂತೆವು. ಆಕೆ ಕಾಯಲಿಲ್ಲ, ನಲೋಕ್ಸೋನ್ ಚುಚ್ಚಿದಳು. ಹೆರಾಯಿನ್ ಹೆಚ್ಚಾಗಿ ಬಿದ್ದವರನ್ನು ಎಬ್ಬಿಸುವ ಔಷಧ. ಕೆಲವೇ ನಿಮಿಷದಲ್ಲಿ ಚಿಕ್ಕು ಕಣ್ಣು ತೆರೆದು ತಲೆಯೆತ್ತಿತು. ನಾನು ಅಳುತ್ತ ನಗುವಷ್ಟರಲ್ಲಿ ಆಕೆ, "ಇದರ ಪ್ರಭಾವ ಒಂದೆರಡು ತಾಸು, ಅದರದ್ದು ಇನ್ನೂ ಉದ್ದ. ಮತ್ತೆ ಬೀಳುತ್ತೆ, ಮತ್ತೆ ಕೊಡುತ್ತೇವೆ" ಅಂದಳು. ಹಾಗೇ ಆಯಿತು.

ನಡುರಾತ್ರಿ ಹೊರಗೆ ಬಂದು ಕೇಳಿದಳು: "ಜೀನ್ ಪರೀಕ್ಷೆ ಏನಾದರೂ ಮಾಡಿಸಿದ್ದೀರಾ?" ಮಾಡಿಸಿದ್ದೇವೆ ಎಂದು ಹೆಮ್ಮೆಯಿಂದಲೇ ಫೋನ್ ತೆಗೆದು ಆ ಚಕ್ರ ತೋರಿಸಿದೆ. ಆಕೆ ಚಕ್ರ ನೋಡಲಿಲ್ಲ. ಬೆರಳಲ್ಲಿ ಕೆಳಗೆ ಸರಿಸುತ್ತ ಹೋಗಿ ನಾಲ್ಕನೇ ಪುಟದಲ್ಲಿ ನಿಂತಳು. ಎಂಡಿಆರ್1: ಎರಡೂ ಪ್ರತಿಗಳಲ್ಲಿ ದೋಷ. ನಿಮ್ಮ ಪಶುವೈದ್ಯರಿಗೆ ತಿಳಿಸಿ. "ಇದನ್ನು ಯಾರಿಗಾದರೂ ತೋರಿಸಿದ್ದಿರಾ?"

ಹನ್ನೊಂದು ತಿಂಗಳಿಂದ ನನ್ನ ಮೇಲ್‌ನಲ್ಲಿ ಕೂತಿತ್ತು ಅದು.

ಇನ್ನೂ ನಾಚಿಕೆಯ ಸಂಗತಿ ಹೇಳಬೇಕು. ಮಿದುಳಿನ ರಕ್ತನಾಳಗಳ ಗೋಡೆಯಲ್ಲಿ ಪಿ-ಗ್ಲೈಕೋಪ್ರೋಟೀನ್ ಅನ್ನುವ ಪಂಪು ಇದೆ. ಒಳಗೆ ನುಗ್ಗಿದ ಔಷಧವನ್ನು ಹಿಡಿದು ಮತ್ತೆ ರಕ್ತಕ್ಕೆ ನೂಕುವ ಬಾಗಿಲುಕಾಯುವವನು. ಲೋಪರಮೈಡ್ ಅಫೀಮಿನ ಬಳಗದ್ದೇ ಆದರೂ ಅಮಲೇರಿಸದೆ ಬರೀ ಕರುಳಿನ ಮೇಲೆ ಕೆಲಸ ಮಾಡುವುದು ಈ ಕಾವಲಿನಿಂದ. ಫಾರ್ಮಸಿ ಓದಿದ ಯಾರಿಗೇ ಕೇಳಿ, ಪಾಠದಲ್ಲಿ ಕೊಡುವ ಉದಾಹರಣೆಯೇ ಲೋಪರಮೈಡ್. ನನ್ನ ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಿತ್ತು, ಚೆನ್ನಾಗಿಯೇ ಬರೆದಿದ್ದೆ. ಆ ಕಾವಲುಗಾರನನ್ನು ತಯಾರಿಸುವ ಜೀನೇ ಎಂಡಿಆರ್1. ಚಿಕ್ಕುವಿನಲ್ಲಿ ಆ ಜೀನಿನ ನಾಲ್ಕು ಅಕ್ಷರ ಬಿಟ್ಟುಹೋಗಿವೆ, ಅಷ್ಟೇ. ನಾಲ್ಕು ಅಕ್ಷರ ಇಲ್ಲದ್ದಕ್ಕೆ ಇಡೀ ಬಾಗಿಲು ತೆರೆದಿದೆ.

ಕೋಲಿಗಳಿಗೆ ಹುಳುವಿನ ಮದ್ದಾದ ಐವರ್‌ಮೆಕ್ಟಿನ್ ಆಗಿಬರುವುದಿಲ್ಲ ಎನ್ನುವುದು 1980ರ ದಶಕದಲ್ಲೇ ಕಂಡಿತ್ತು. ಬಿಳಿಗಾಲಿದ್ದರೆ ಮದ್ದು ಬೇಡ ಎಂದು ಪಶುವೈದ್ಯರಲ್ಲಿ ಒಂದು ಗಾದೆಯೇ ಹುಟ್ಟಿಕೊಂಡಿತು. ಕಾರಣ ಹಿಡಿದದ್ದು 2001ರಲ್ಲಿ, ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಕತ್ರಿನಾ ಮೀಲಿ ಮತ್ತು ಜೊತೆಗಾರರು. ರಫ್ ಕೋಲಿಗಳಲ್ಲಿ ಹತ್ತಕ್ಕೆ ಏಳರಲ್ಲಿ ಕನಿಷ್ಠ ಒಂದು ಪ್ರತಿಯಾದರೂ ಕೆಟ್ಟಿರುತ್ತದೆ. ಹೆಸರು ಒಂದೇ ಆದರೂ ಬಾರ್ಡರ್ ಕೋಲಿಯಲ್ಲಿ ಅಪರೂಪ. 2004ರ ಇನ್ನೊಂದು ಅಧ್ಯಯನದ ಪ್ರಕಾರ ಈ ದೋಷ ಹೊತ್ತ ತಳಿಗಳೆಲ್ಲ ಹತ್ತೊಂಬತ್ತನೇ ಶತಮಾನದ ಬ್ರಿಟನ್ನಿನಲ್ಲಿ, 1873ರಲ್ಲಿ ಕೆನೆಲ್ ಕ್ಲಬ್ ಹುಟ್ಟಿ ತಳಿಗಳ ನಡುವೆ ಬೇಲಿ ಬೀಳುವ ಮುಂಚೆ ಇದ್ದ ಒಂದೇ ನಾಯಿಯ ಸಂತಾನ. ಯಾರೋ ಕುರುಬನ ಒಳ್ಳೆಯ ಕೆಲಸಗಾರ ನಾಯಿ ಇರಬೇಕು, ಎಲ್ಲರೂ ಮರಿ ಬೇಡಿರಬೇಕು. ಯಾರ್ಕ್‌ಷೈರ್ ಡೇಲ್ಸಿನಲ್ಲಿ ಕುರಿ ಕಂಡಾಗೆಲ್ಲ ನನಗೆ ಈಗ ಅದೇ ನೆನಪು.

ಚಿಕ್ಕು ಮೂರನೇ ದಿನ ಮನೆಗೆ ಬಂತು. ಬಿಲ್ಲು 1,840 ಪೌಂಡು. ವೈದ್ಯರನ್ನು ಕೇಳದೆ ಮಾತ್ರೆ ಕೊಟ್ಟದ್ದೇಕೆ ಎಂದು ವಿಮೆಯವರು ಎರಡು ತಿಂಗಳು ಪತ್ರ ಬರೆಸಿದರು. ಮನೆಯಲ್ಲೇ ಉಜ್ಜಿ ಕಳಿಸಿದ ಕಡ್ಡಿಯ ಮೇಲಷ್ಟೇ ನಂಬಿಕೆಯಿಡುವುದು ಬೇಡವೆಂದು ನಮ್ಮ ಪಶುವೈದ್ಯರು ರಕ್ತ ತೆಗೆದು ಮ್ಯಾಂಚೆಸ್ಟರಿನ ಲ್ಯಾಬೋಕ್ಲಿನ್ ಪ್ರಯೋಗಾಲಯಕ್ಕೆ ಕಳಿಸಿದರು. ಉತ್ತರ ಅದೇ ಬಂತು. ಈಗ ಅವರ ಕಂಪ್ಯೂಟರಿನಲ್ಲಿ ಚಿಕ್ಕುವಿನ ಹೆಸರಿನ ಪಕ್ಕ ಕೆಂಪು ಪಟ್ಟಿಯಿದೆ. ಆದರೆ ಒಂದು ಮಾತು: ಮೊದಲ ಸಲ ಹೆಸರು ನೋಂದಾಯಿಸುವಾಗ ಅವರು ಕೊಟ್ಟ ಅರ್ಜಿಯಲ್ಲಿ ಲಸಿಕೆಗೆ, ಮೈಕ್ರೋಚಿಪ್ಪಿಗೆ, ವಿಮೆಗೆ ಜಾಗವಿತ್ತು. ಜೀನ್ ವರದಿಗೆ ಇರಲಿಲ್ಲ. ಈಗಲೂ ಇಲ್ಲ. ಕೇಳಿದರೆ, "ಹೇಳಿದರೆ ಬರೆದುಕೊಳ್ಳುತ್ತೇವೆ" ಅನ್ನುತ್ತಾರೆ.

ಆದ್ದರಿಂದ ಹೇಳಿ. ವರದಿಯನ್ನು ಕೊನೆಯ ಪುಟದವರೆಗೆ ಓದಿ, ಮುದ್ರಿಸಿ ಕೈಗೇ ಕೊಡಿ. ಹಲ್ಲು ಕೀಳಿಸುವಾಗ ನಮ್ಮ ವೈದ್ಯರು ಮಂಪರಿನ ಅಸಿಪ್ರೋಮಝೀನನ್ನು ಅರ್ಧಕ್ಕಿಳಿಸಿದ್ದು ಆ ಕೆಂಪು ಪಟ್ಟಿ ನೋಡಿ. ಮುಂದೆ ಕ್ಯಾನ್ಸರ್ ಬಂದರೆ ವಿನ್‌ಕ್ರಿಸ್ಟೀನ್ ಕೊಡುವಾಗಲೂ ಅದು ಬೇಕು. ಹಾಗಂತ ತಿಂಗಳ ಹುಳುವಿನ ಮದ್ದು ನಿಲ್ಲಿಸಬೇಡಿ, ಚೀಟಿಯಲ್ಲಿ ಬರೆದ ಪ್ರಮಾಣದಲ್ಲಿ ಅದರಿಂದ ಅಪಾಯವಿಲ್ಲ. ಕುದುರೆಗೆ ಹುಳುಮದ್ದು ಹಾಕಿದ ಹೊಲದಲ್ಲಿ ಮಾತ್ರ ಲದ್ದಿಗೆ ಬಾಯಿ ಹಾಕಲು ಬಿಡಬೇಡಿ. ಪಾದದ ಬಣ್ಣ ನಂಬಬೇಡಿ, ಜರ್ಮನ್ ಶೆಫರ್ಡಿನಲ್ಲೂ ಈ ದೋಷ ಇರಬಹುದು. ಭಾಮೈದ ಈಗ ತನ್ನ ಲ್ಯಾಬ್ರಡಾರಿನ ಸೊಂಟದ ಕೀಲಿಗೂ ಜೀನ್ ಪರೀಕ್ಷೆ ಹುಡುಕುತ್ತಿದ್ದಾನೆ; ಅದು ಒಂದೇ ಜೀನಿನ ಕಾಯಿಲೆ ಅಲ್ಲ, ಎಕ್ಸ್-ರೇ ತೆಗೆಸು ಅಂದರೆ ಕೇಳುವುದಿಲ್ಲ. ಮೈಸೂರು ಪಾಕಿನ ವಿಷಯ ಎತ್ತಿದರೆ ಮಾತು ಬದಲಿಸುತ್ತಾನೆ. ಅಮ್ಮ ಮಾತ್ರ ಪ್ರತಿ ಫೋನಿನಲ್ಲೂ, "ಒಂದು ಹೊತ್ತು ಉಪವಾಸ ಹಾಕಿ ಬೆಂದ ಅನ್ನ ಹಾಕಿದ್ದರೆ ಆಗ್ತಿರ್ಲಿಲ್ವೇನೋ" ಅನ್ನುತ್ತಾಳೆ. ಪಶುವೈದ್ಯರೂ ಅದನ್ನೇ ಹೇಳಿದರು ಎಂದು ಅವಳಿಗೆ ನಾನು ಹೇಳಿಲ್ಲ.

ಹೋದ ವಾರ ಒಬ್ಬ ಬಂದು ನಾಯಿಗೆ ಭೇದಿ, ಇಮೋಡಿಯಮ್ ಕೊಡಿ ಅಂದ. ಬಾಗಿಲ ಹೊರಗೆ ಕಟ್ಟಿದ್ದ ನಾಯಿಯ ಕಾಲು ನೋಡಿದೆ. ಕಪ್ಪು. ಆದರೂ ಕೊಡಲಿಲ್ಲ. ಚಿಕ್ಕುವಿನ ಕಥೆ ಶುರು ಮಾಡಿದೆ. ಅರ್ಧ ಕೇಳಿ, ಥ್ಯಾಂಕ್ಸ್ ಅಂದು, ನಾಯಿಯ ಹಗ್ಗ ಬಿಚ್ಚಿಕೊಂಡು ಎದುರಿನ ಸೂಪರ್‌ಮಾರ್ಕೆಟ್ಟಿನ ಕಡೆ ನಡೆದ. ಅಲ್ಲಿ ಯಾರೂ ಯಾರಿಗೆ ಎಂದು ಕೇಳುವುದಿಲ್ಲ.